ಪದಚರ್ಚೆ: ‘ವೇಕ್ ವರ್ಡ್’, ‘ರೊಟೀನ್’, ‘ಮೈಕ್ ಮ್ಯೂಟ್’ (ನಾಳೆ ಮಧ್ಯಾಹ್ನದೊಳಗೆ ಬೇಕು)

ಕಲಬುರಗಿ, ಅನುವಾದಕಿ:

ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ಅಪಾರ್ಟ್‌ಮೆಂಟಿನ ಮನೆಗಳಲ್ಲಿ ಸ್ವಿಚ್‌ಬೋರ್ಡ್ ಪಕ್ಕ ಅಂಟಿಸುವ ಕಾರ್ಡು ಕನ್ನಡದಲ್ಲಿ ಆಗಬೇಕು. ನಾಳೆ ಮಧ್ಯಾಹ್ನ ಪ್ರೆಸ್ಸಿಗೆ ಹೋಗ್ತದೆ. ಮನೆಮನೆಗೂ ಹೋಮ್ ಅಸಿಸ್ಟೆಂಟ್ (ಮನೆಯ ಲೈಟ್, ಫ್ಯಾನ್ ಎಲ್ಲ ನಡೆಸುವ ತಂತ್ರಾಂಶ) ಓಡುವ ಪೆಟ್ಟಿಗೆ, ಗೋಡೆಬದಿಗೆ ಮೈಕ್-ಸ್ಪೀಕರ್. ಮೊದಲು ಬರೆದಿಟ್ಟ ವಾಕ್ಯ ಹೇಳಿದರಷ್ಟೇ ಕೆಲಸ ಆಗುತ್ತಿತ್ತು, ಈಗ ಹಿಂದೆ ದೊಡ್ಡ ಭಾಷಾ ಮಾದರಿ (ಚಾಟ್‌ಜಿಪಿಟಿಯಂಥ ಎಐ) ಜೋಡಿಸಿದ್ದಾರೆ. ಅದಕ್ಕೇ ಹೊಸ ಕಾರ್ಡು.

ಹಳೆಯ ಕರಡಿನಲ್ಲಿ ವೇಕ್ ವರ್ಡ್‌ಗೆ (ಪೆಟ್ಟಿಗೆಯನ್ನು ಕರೆದು ಎಬ್ಬಿಸುವ ಮಾತು) ‘ಎಚ್ಚರಿಕೆ ಪದ’, ರೊಟೀನ್‌ಗೆ (ಒಂದು ಮಾತಿಗೆ ಸಾಲಾಗಿ ನಡೆಯುವ ಕೆಲಸಗಳು) ‘ದಿನಚರಿ’, ಮೈಕ್ ಮ್ಯೂಟ್ ಸ್ವಿಚ್ಚಿಗೆ (ಮೈಕ್ ನಿಲ್ಲಿಸುವುದು) ‘ಮೂಕ ಗುಂಡಿ’ ಅಂತ ಇದೆ. ಮೂರೂ ಸರಿ ಅನಿಸುತ್ತಿಲ್ಲ. ಒಂದೊಂದಕ್ಕೆ ಹತ್ತು-ಹನ್ನೆರಡು ಅಕ್ಷರದ ಜಾಗ ಇದೆ.

ಬೀದರ್, ನಿವೃತ್ತ ಕನ್ನಡ ಅಧ್ಯಾಪಕ:

‘ಎಚ್ಚರಿಕೆ ಪದ’ ಮೊದಲು ಹೊಡೆದುಹಾಕಿ. ಎಚ್ಚರಿಕೆ ಅನ್ನೋದು ಟ್ರಾನ್ಸ್‌ಫಾರ್ಮರ್ ಬೇಲಿಗೆ ತಲೆಬುರುಡೆ ಚಿತ್ರದ ಕೆಳಗೆ ಬರೆಯುವ ಮಾತು. ಸ್ವಿಚ್‌ಬೋರ್ಡ್ ಪಕ್ಕ ಅದನ್ನು ಓದಿದವರು ಕೈ ಹಿಂದಕ್ಕೆ ತಗೋತಾರೆ. ‘ಕರೆಪದ’ ಹಾಕಿ. ಮುಗೀತು.

ಸೇಡಂ:

ಮುಗಿಯಲಿಲ್ಲ. ‘ಕರೆಪದ’ ಅರಿಸಮಾಸ. ಕರೆ ನಮ್ಮದು, ಪದ ಸಂಸ್ಕೃತದ್ದು. ಕವಿರಾಜಮಾರ್ಗ ಹುಟ್ಟಿದ ಮಳಖೇಡ ಇರುವ ತಾಲೂಕಿನಿಂದ ಬರೆಯುತ್ತಿದ್ದೇನೆ, ಇದನ್ನು ಒಪ್ಪಲಾರೆ. ವೇಕ್ ವರ್ಡ್‌ಗೆ ‘ಎಚ್ಚರುಲಿ’ (ಉಲಿ ಎಂದರೆ ದನಿ), ರೊಟೀನ್‌ಗೆ ‘ಕೆಲಸಾಲು’, ಮ್ಯೂಟ್‌ಗೆ ‘ಕಿವಿಮುಚ್ಚು’. ಕಾರ್ಡಿನಲ್ಲಿ ಚಾಲೂ, ಬಂದ್ ಏನಾದರೂ ಇದ್ದರೆ ಅವನ್ನೂ ತೆಗೆಯಿರಿ.

ಬೀದರ್, ನಿವೃತ್ತ ಕನ್ನಡ ಅಧ್ಯಾಪಕ:

ಮಳೆಗಾಲ, ಚಳಿಗಾಲ ಅನ್ನೋದನ್ನು ನೀವು ಬಿಟ್ಟ ದಿನ ನಾನು ‘ಕರೆಪದ’ ಬಿಡ್ತೀನಿ. ಬಿರುದಾವಳಿಗೆ ವ್ಯಾಕರಣ ಬರೆದ ಕೇಶಿರಾಜನೇ ಅರಿಸಮಾಸದ ರಿಯಾಯಿತಿ ಕೊಟ್ಟಿದ್ದಾನೆ. ‘ಎಚ್ಚರುಲಿ’ಯನ್ನು ಓದಿದವರು ಯಾವುದೋ ಇಲಿ ಜಾತಿ ಅಂದುಕೊಳ್ತಾರೆ.

ಯಾದಗಿರಿ, ಅಳವಡಿಕೆ ಕೆಲಸ:

ಸಮಾಸದ ಜಗಳ ನೀವು ನೋಡ್ಕೊಳ್ರಿ. ಯಂತ್ರ ಏನು ಮಾಡ್ತದ ಅಂತ ಮೊದಲು ತಿಳಿದರೆ ಅರ್ಧ ಪದ ತಾನೇ ಬರ್ತಾವ.

ವೇಕ್ ವರ್ಡ್ ಹಿಡಿಯೋದು ಭಾಷಾ ಮಾದರಿ ಅಲ್ಲ. ಅದಕ್ಕೆ ಬೇರೆ ಒಂದು ಪುಟ್ಟ ಮಾದರಿ ಇರ್ತದ. ಅದು ಹಗಲೂ ರಾತ್ರಿ ಆ ಒಂದು ಸದ್ದಿಗಷ್ಟೇ ಕಾಯ್ತಾ ಕೂತಿರ್ತದ, ಅರ್ಥ ಅದಕ್ಕ ಗೊತ್ತಿಲ್ಲ. ‘ಓಕೆ ನಾಬು’ ಅನ್ನೋ ಆ ಪದ ಸಿಕ್ಕ ಮ್ಯಾಲೇ ಉಳಿದ ಮಾತು ಬರಹ ಆಗಿ ಮುಂದ ಹೋಗ್ತದ. ಹಂಗಾಗಿ ದೊಡ್ಡ ಮಾದರಿ ಹಾಕಿಸಿದ್ರೂ ‘ಕರೆದ್ರ ಕೇಳ್ತಿಲ್ಲ’ ಅನ್ನೋ ದೂರು ಹೋಗೋದಿಲ್ಲ. ಬ್ಯಾಸಿಗಿ ಕೂಲರ್ ಎದುರಿಗೆ ಇಟ್ಟಿದ್ರ ಯಾವ ಎಐ ಬಂದ್ರೂ ಅಷ್ಟೇ. ಗೋಡೆಯಿಂದ 20 ಸೆಂಟಿಮೀಟರ್ ದೂರ, ಕೂಲರ್ ಗಾಳಿ ನೇರ ಬಡಿಯದ ಕಡೆ ಇಡ್ರಿ. ಕೂಲರ್ ಹಚ್ಚಿ ಮೂರು ಮೀಟರ್ ದೂರದಿಂದ ಕರೆದು ನೋಡ್ರಿ.

ಮನೆಯವರು ಆ ಪದ ಬದಲಿಸಿ ಕನ್ನಡದ್ದು ಇಡ್ರಿ ಅಂತ ಕೇಳೇ ಕೇಳ್ತಾರ. ಓಪನ್‌ವೇಕ್‌ವರ್ಡ್ ಅನ್ನೋ ತಂತ್ರಾಂಶದಾಗ ಹೊಸ ಪದ ಕಲಿಸೋದು ಕೃತಕ ಇಂಗ್ಲಿಷ್ ದನಿಗಳಿಂದ. ಆ ದನಿಗೆ ಳ, ಣ ಹೊರಡಂಗಿಲ್ಲ. ‘ಗೆಳೆಯ’ ಅಂತ ಇಟ್ಟರ ‘ಗೆಲೆಯ’ ಅಂತ ಕಲೀತದ, ಆಮೇಲೆ ಸರಿಯಾಗಿ ಕರೆದವರಿಗೇ ಓ ಅನ್ನಂಗಿಲ್ಲ. ಎರಡಕ್ಷರದ ಪದವೂ ಬ್ಯಾಡ, ಟಿವಿ ಮಾತಿಗೆಲ್ಲ ಎದ್ದು ಕೂಡ್ತದ.

ಇನ್ನು ರೊಟೀನ್. ಅದು ಅಲೆಕ್ಸಾದ ಪದ, ಹೋಮ್ ಅಸಿಸ್ಟೆಂಟ್‌ನಾಗ ಆ ಹೆಸರಿನದು ಏನೂ ಇಲ್ಲ. ಹೊತ್ತು ನೋಡಿ, ಸೆನ್ಸರ್ ನೋಡಿ ತಾನೇ ನಡೆಯೋದು ಆಟೊಮೇಶನ್. ಹೇಳಿದಾಗ ಸಾಲಾಗಿ ನಡೆಯೋದು ಸ್ಕ್ರಿಪ್ಟ್. ದೀಪ, ಪರದೆ ಎಲ್ಲ ಇಂಥ ಸ್ಥಿತಿಗೆ ಬರಲಿ ಅನ್ನೋದು ಸೀನ್. ಕಾರ್ಡಿನಾಗ ಇರೋದು ಯಾವುದು? ‘ಮಲಗ್ತೀನಿ’ ಅಂದ್ರ ಲೈಟ್ ಬಂದ್, ಫ್ಯಾನ್ ಎರಡರ ಮ್ಯಾಲೆ ಅಂತ ಇದ್ದರ ಅದು ಸ್ಕ್ರಿಪ್ಟ್. ದಿನಚರಿ ಅಂತೂ ಅಲ್ಲ, ದಿನಾ ನಡೀಬೇಕು ಅಂತಿಲ್ಲ.

ಮ್ಯೂಟ್: ಪಕ್ಕದ ಸ್ವಿಚ್ ಸರಿಸಿದ್ರ ಮೈಕಿಗೆ ಕರೆಂಟೇ ಕಡೀತದ. ಸ್ಪೀಕರ್ ಮಾತಾಡ್ತಾನೇ ಇರ್ತದ. ಮೂಕ ಅನ್ನೋದು ಬರೀ ತಪ್ಪಲ್ಲ, ಪೂರಾ ತಿರುವುಮುರುವು.

ಸೇಡಂ:

ಹಾಗಾದರೆ ನನ್ನ ‘ಕಿವಿಮುಚ್ಚು’ ಸರಿ ಎಂದಾಯಿತು. ‘ಲೈಟ್ ಬಂದ್’ ಎಂದು ಎಷ್ಟು ಸಲೀಸಾಗಿ ಬರೆದಿರಿ! ‘ಹಚ್ಚು’ ಇರುವಾಗ ‘ಚಾಲೂ’ ಯಾಕೆ, ‘ಆರಿಸು’ ಇರುವಾಗ ‘ಬಂದ್’ ಯಾಕೆ? ಕಾರ್ಡಿನಲ್ಲಿ ಬಿದ್ದ ಪದವೇ ಮಕ್ಕಳ ಬಾಯಲ್ಲಿ ಉಳಿಯುತ್ತದೆ.

ಕಲಬುರಗಿ, ವಕೀಲ:

ಹಚ್ಚು ಒಪ್ಪಿದೆ. ನಮ್ಮ ಕಡೆ ಲೈಟ್, ಫ್ಯಾನ್, ಟಿವಿ, ಗೀಜರ್ ಎಲ್ಲಾನೂ ಹಚ್ಚತೀವಿ. ಆದರೆ ಅದರ ಎದುರು ಪದ ಏನು? ಲೈಟ್ ಆರಿಸಬಹುದು, ಫ್ಯಾನ್ ಆರಿಸ್ತೀರಾ? ಅಂಗಡಿಯಾಗ ನಾಲ್ಕರೊಳಗ ಒಂದು ಫ್ಯಾನ್ ಆರಿಸಿದಂಗ ಕೇಳ್ತದ. ಆ ಜಾಗ ತುಂಬಿದ್ದೇ ‘ಬಂದ್’. ಫಾರಸಿಯಿಂದ ಬಂತು ಅನ್ನೋದು ನಿಜ. 1948ರ ತನಕ ಈ ಜಿಲ್ಲೆಗಳ ದಫ್ತರದ ಭಾಷೆ ಉರ್ದು. ಅರ್ಜಿ, ವಕೀಲ, ಜಮೀನು, ತಹಸೀಲು ಬಿಟ್ಟು ಈ ಊರ ಕೋರ್ಟಿನೊಳಗ ಒಂದು ವಾಕ್ಯ ಆಡಿ ತೋರಿಸ್ರಿ. ನೀವು ನಿನ್ನೆ ಕಟ್ಟಿದ ‘ಉಲಿ’ಗಿಂತ ‘ಬಂದ್’ ಹೆಚ್ಚು ಕನ್ನಡ.

ಸೇಡಂ:

ವಾದ ಗೆಲ್ಲುವುದು ನಿಮ್ಮ ಕಸುಬು. ಪದ ಕಟ್ಟುವುದನ್ನು ಬೇರೆಯವರಿಗೆ ಬಿಡಿ.

ಬೀದರ್, ನಿವೃತ್ತ ಕನ್ನಡ ಅಧ್ಯಾಪಕ:

ಕೇಳಿದವರಿಗೆ ಪ್ರೆಸ್ಸಿನ ಗಡುವು ಇದೆ. ‘ಓಗೊಡು’ (ಕರೆದಾಗ ಓ ಅನ್ನು) ಧಾತು ನೆನಪಿಸುತ್ತೇನೆ, ಎರಡೂ ಭಾಗ ಅಚ್ಚಗನ್ನಡ. ಸೇಡಂನವರಿಗೂ ಹೊಟ್ಟೆ ತಣ್ಣಗಾಗಲಿ.

ಕಲಬುರಗಿ, ಅನುವಾದಕಿ:

ಓಗೊಡುವುದು ಪೆಟ್ಟಿಗೆ ಸರ್, ಕಾರ್ಡು ಓದುವವರು ಕರೆಯುವವರು. ‘ಕರೆಯುವ ಹೆಸರು’ ಅಂತ ಇಡ್ತಾ ಇದ್ದೇನೆ.

ಯಾದಗಿರಿಯವರಿಗೆ ಇನ್ನೊಂದು ಪ್ರಶ್ನೆ. ಹೇಳಬೇಕಾದ ಮಾತುಗಳ ಉದಾಹರಣೆಯಲ್ಲಿ ‘ಹಚ್ಚು’ ಬರೆದು ಮನೆಯವರು ‘ಚಾಲೂ ಮಾಡು’ ಅಂದರೆ ಕೆಲಸ ನಿಲ್ಲುತ್ತದೆಯೇ? ಕೆಲವರು ‘ಲೈಟನ್ನು’ ಅಂತಾರೆ, ಕೆಲವರು ಬರೀ ‘ಲೈಟ್’.

ಯಾದಗಿರಿ, ಅಳವಡಿಕೆ ಕೆಲಸ:

ಕ್ರಿಯಾಪದಕ್ಕ ಚಿಂತಿಲ್ಲ. ಕಸ್ಟಮ್ ಸೆಂಟೆನ್ಸ್ (ನಾವೇ ಬರೆದಿಡೋ ವಾಕ್ಯ) ಫೈಲಿನಾಗ ಕಂಸ ಹಾಕಿ ನಡುವ ಗೆರಿ ಎಳೆದು ‘(ಹಚ್ಚು|ಚಾಲೂ ಮಾಡು|ಆನ್ ಮಾಡು)’ ಅಂತ ಬರೆದ್ರ ಮೂರೂ ನಡೀತಾವ.

ಎಡವೋದು ವಿಭಕ್ತಿಗೆ. ಸಾಧನದ ಹೆಸರು ‘ಹಾಲ್ ಲೈಟ್’ ಅಂತ ಇಟ್ಟು ಮನೆಯವರು ‘ಹಾಲಿನ ಲೈಟ್’, ‘ಹಾಲ್ ಲೈಟನ್ನು’ ಅಂದ್ರ ಬರೆದ ವಾಕ್ಯಕ್ಕ ಹೊಂದಂಗಿಲ್ಲ. ಹೊಸ ಮಾದರಿ ನಿಜವಾಗಿ ಉಪಯೋಗಕ್ಕ ಬರೋದು ಅಲ್ಲೇ. ಹೋಮ್ ಅಸಿಸ್ಟೆಂಟ್‌ನ 2024.12ರ ಆವೃತ್ತಿಯಿಂದ ‘ಮೊದಲು ಮನೆಯೊಳಗೇ ನೋಡು’ ಅನ್ನೋ ಆಯ್ಕೆ ಬಂದದ. ಅದು ಚಾಲೂ ಇದ್ದರ ಬರೆದ ವಾಕ್ಯಕ್ಕ ಹೊಂದಿದ ಮಾತು ತಟ್ಟನೆ ನಡೀತದ, ಹೊಂದದ್ದು ಮಾತ್ರ ಭಾಷಾ ಮಾದರಿಗೆ ಹೋಗ್ತದ. ಅಲ್ಲಿ ಕೆಲವು ಸೆಕೆಂಡ್ ತಡ. ಆ ತಡ ನೋಡಿ ಜನ ಎರಡನೇ ಸಲ ಹೇಳ್ತಾರ, ಎರಡೂ ಕೂಡಿ ಗೊಂದಲ. ಅದಕ್ಕ ‘ಹಾಲಿನ ಲೈಟ್’, ‘ಪಡಸಾಲಿ ಲೈಟ್’ ಎರಡನ್ನೂ ಅಲಿಯಾಸ್ (ಇನ್ನೊಂದು ಹೆಸರು) ಅಂತ ಹಾಕಿಡ್ರಿ.

ಮಾತನ್ನ ಬರಹ ಮಾಡೋದು ವಿಸ್ಪರ್ ಆಗಿದ್ರ ಅದರ ಟೈನಿ, ಬೇಸ್ ಅನ್ನೋ ಸಣ್ಣ ಮಾದರಿ ಕನ್ನಡಕ್ಕ ನಡೆಯಂಗಿಲ್ಲ. ಬರಹವೇ ಕೆಟ್ಟರ ಮುಂದಿರೋ ಭಾಷಾ ಮಾದರಿ ಊಹೆ ಮಾಡ್ತದ, ಊಹೆಯಿಂದ ಗೀಜರ್ ಹತ್ತಬಾರದು. ಭಾಷಾ ಮಾದರಿಗೆ ಒಪ್ಪಿಸೋ ಸಾಧನ 25ಕ್ಕಿಂತ ಕಡಿಮಿ ಇರಲಿ, ಗೀಜರ್ ಮತ್ತು ನೀರಿನ ಮೋಟರ್ ಅದರೊಳಗ ಬ್ಯಾಡ.

ಕಲಬುರಗಿ, ಅನುವಾದಕಿ:

ಕಾರ್ಡು ಹೀಗೆ ಹೋಗ್ತಿದೆ:

ಕರೆಯುವ ಹೆಸರು: ಓಕೆ ನಾಬು
ಹೀಗೆ ಹೇಳಿ: ಹಾಲ್ ಲೈಟ್ ಹಚ್ಚು / ಹಾಲ್ ಲೈಟ್ ಬಂದ್ ಮಾಡು
ಸಾಲು ಕೆಲಸ: ‘ಮಲಗ್ತೀನಿ’ ಅನ್ನಿ
ಉತ್ತರ ತಡವಾದರೆ ಕಾಯಿರಿ, ಮತ್ತೆ ಹೇಳಬೇಡಿ
ಮೈಕ್ ಬಂದ್: ಪಕ್ಕದ ಸ್ವಿಚ್ ಸರಿಸಿ

‘ಸಾಲು ಕೆಲಸ’ ಸೇಡಂನವರ ‘ಕೆಲಸಾಲು’ವಿನಿಂದಲೇ ಬಂದದ್ದು.

ಸೇಡಂ:

ತಿರುಗಿಸಿ ಬಿಡಿಸಿಬಿಟ್ಟಿರಿ, ಅದು ಈಗ ಪದವಲ್ಲ, ವಿವರಣೆ. ‘ಮೈಕ್ ಬಂದ್’ನಲ್ಲಿ ಎರಡು ಪದ, ಎರಡೂ ಹೊರಗಿನವು. ಈ ಚರ್ಚೆಯ ದಾಖಲೆಗಾಗಿ ನನ್ನ ವಿರೋಧ ಬರೆದುಕೊಳ್ಳಿ.

ಯಾದಗಿರಿ, ಅಳವಡಿಕೆ ಕೆಲಸ:

ಬರೆದುಕೊಳ್ಳಲಿ. ಕಾರ್ಡಿನಾಗ ಒಂದು ಸಾಲು ಕಡಿಮಿ ಬಿತ್ತು: ‘ಗೀಜರ್‌ಗೆ 16 ಆಂಪಿಯರ್ ಸ್ಮಾರ್ಟ್ ಪ್ಲಗ್ ಮಾತ್ರ’. 2000 ವ್ಯಾಟಿನ ಗೀಜರ್ 230 ವೋಲ್ಟಿಗೆ 8.7 ಆಂಪಿಯರ್ ಎಳೀತದ, 6 ಆಂಪಿಯರ್ ಪ್ಲಗ್ ಕರಗ್ತದ. ಕರೆಂಟ್ ಹೋಗಿ ಬಂದಾಗ ಪ್ಲಗ್ ‘ಬಂದ್’ ಸ್ಥಿತಿಗೇ ಬರೋ ಹಂಗ ಆ್ಯಪಿನಾಗ ಸೆಟ್ ಮಾಡಿಸ್ರಿ. ಈ ಸಾಲಿಗೆ ‘ಎಚ್ಚರಿಕೆ’ ಅಂತ ದಪ್ಪ ಅಕ್ಷರದಾಗ ಹಾಕ್ರಿ, ಬೀದರ್ ಸರ್ ಬ್ಯಾಡ ಅನ್ನಂಗಿಲ್ಲ.