ಹಳೆಯ ಲಾರಿ ಏರು ಹತ್ತುವಾಗ ಸೊರಗುತ್ತಿದೆ: ಪಂಪ್ ಬಿಚ್ಚಿಸುವ ಮೊದಲು ಏನನ್ನು ಪರೀಕ್ಷಿಸಬೇಕು?

ಪ್ರಶ್ನೆ: ಹಾಸನದ ಲಾರಿ ಮಾಲೀಕ

ನನ್ನ ಬಳಿ 2004ರ ಆರು ಸಿಲಿಂಡರಿನ ಲಾರಿಯೊಂದಿದೆ. ಅದಕ್ಕಿರುವುದು ಹಳೆಯ ಮಾದರಿಯ ಇನ್‌ಲೈನ್ ಪಂಪ್, ಅಂದರೆ ಪ್ರತಿ ಸಿಲಿಂಡರಿಗೂ ಡೀಸೆಲನ್ನು ಒತ್ತಡದಿಂದ ಕಳಿಸುವ ಪಂಪ್. ಸೆನ್ಸರ್, ಕಂಪ್ಯೂಟರ್ ಯಾವುದೂ ಇಲ್ಲ. ಎರಡು ತಿಂಗಳಿಂದ ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆದ ಮೇಲಷ್ಟೇ ಸ್ಟಾರ್ಟ್ ಆಗುತ್ತಿದೆ. ಹಗಲಿನಲ್ಲಿ ಬಿಸಿಯಾಗಿರುವಾಗ ಅರ್ಧ ಗಂಟೆ ನಿಲ್ಲಿಸಿದರೂ ಈ ತೊಂದರೆ ಇಲ್ಲ. ಇದರ ಜೊತೆಗೆ, ಮಂಗಳೂರಿನಿಂದ ರಸಗೊಬ್ಬರ ಹೇರಿಕೊಂಡು ಶಿರಾಡಿ ಘಾಟಿ ಹತ್ತುವಾಗ ಎಂಜಿನ್ ನಿಧಾನವಾಗಿ ಸೊರಗುತ್ತದೆ. ಬದಿಗೆ ನಿಲ್ಲಿಸಿ ಎರಡು ನಿಮಿಷ ಬಿಟ್ಟು ಹೊರಟರೆ ಮತ್ತೆ ಸ್ವಲ್ಪ ದೂರ ಚೆನ್ನಾಗಿ ಎಳೆಯುತ್ತದೆ. ಕಪ್ಪು ಹೊಗೆ ಬರುತ್ತಿಲ್ಲ, ಹೊರಗೆಲ್ಲೂ ಒಂದು ಹನಿ ಡೀಸೆಲ್ ಸೋರುತ್ತಿಲ್ಲ. ಎರಡೂ ಫಿಲ್ಟರ್‌ಗಳನ್ನು ಬದಲಾಯಿಸಿದ್ದಾಗಿದೆ. ಪಂಪಿನ ಎಲಿಮೆಂಟ್‌ಗಳು (ಡೀಸೆಲ್ ಒತ್ತುವ ಪ್ಲಂಜರ್ ಎಂಬ ಕಡ್ಡಿ, ಅದು ಚಲಿಸುವ ಬ್ಯಾರಲ್ ಎಂಬ ಕೊಳವೆ) ಸವೆದಿವೆ, ಎಲ್ಲವನ್ನೂ ಹೊಸದಾಗಿ ಹಾಕಿಸಬೇಕು ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಅಷ್ಟು ಹಣ ಹಾಕುವ ಮೊದಲು ಪಂಪೇ ಕಾರಣವೆಂದು ಖಚಿತಪಡಿಸಿಕೊಳ್ಳುವ ದಾರಿ ಇದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಡೀಸೆಲ್ ಪಂಪ್ ಕೆಲಸದಿಂದ ನಿವೃತ್ತನಾದವನು

ಮಾನ್ಯರೇ, ದಯವಿಟ್ಟು ಈಗಲೇ ಪಂಪನ್ನು ಬಿಚ್ಚಿಸಬೇಡಿ. ತಾವು ಬರೆದಿರುವ ಲಕ್ಷಣಗಳು ಪಂಪಿನ ಸವೆತಕ್ಕೆ ಹೊಂದುವುದಿಲ್ಲ. ಎಲಿಮೆಂಟ್ ಸವೆದಾಗ ಡೀಸೆಲ್ ಬಿಸಿಯಾಗಿ ತೆಳುವಾದಷ್ಟೂ ಪ್ಲಂಜರಿನ ಪಕ್ಕದಿಂದ ಹೆಚ್ಚು ಜಾರಿಹೋಗುತ್ತದೆ. ಆದ್ದರಿಂದ ಅಂತಹ ಗಾಡಿ ಸಾಮಾನ್ಯವಾಗಿ ಬಿಸಿಯಾಗಿದ್ದಾಗಲೇ ಸ್ಟಾರ್ಟ್ ಆಗಲು ಹಠ ಮಾಡುತ್ತದೆ. ತಮ್ಮ ಗಾಡಿಯದು ಇದಕ್ಕೆ ತಿರುಗುಮುರುಗಾಗಿದೆ. ಇನ್ನು, ಭಾರ ಎಳೆಯುವಾಗ ಗಾಳಿ ಸಾಲದಿದ್ದರೆ ಅಥವಾ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಜಲ್ ಕೆಟ್ಟಿದ್ದರೆ ಕಪ್ಪು ಹೊಗೆ ಬರುತ್ತದೆ. ಹೊಗೆಯೇ ಇಲ್ಲದೆ ಎಂಜಿನ್ ಸೊರಗುತ್ತಿದೆ ಎಂದರೆ ಅದಕ್ಕೆ ಡೀಸೆಲ್ಲೇ ಸಾಕಾಗುತ್ತಿಲ್ಲ ಎಂದು ತಿಳಿಯಬೇಕು.

ಟ್ಯಾಂಕಿನಿಂದ ಡೀಸೆಲ್ ಎಳೆದು ದೊಡ್ಡ ಪಂಪಿಗೆ ಕೊಡುವ ಸಣ್ಣ ಪಂಪೇ ಫೀಡ್ ಪಂಪ್. ಟ್ಯಾಂಕಿನಿಂದ ಅದರವರೆಗಿನ ಭಾಗದಲ್ಲಿ ಡೀಸೆಲ್ ಹರಿಯುವುದು ಒತ್ತಡದಿಂದಲ್ಲ, ಹೀರುವಿಕೆಯಿಂದ. ಅಲ್ಲಿ ವಾಷರೋ ಹೋಸೋ ಸಡಿಲವಾಗಿದ್ದರೆ, ಓಡುವಾಗ ಡೀಸೆಲ್ ಹೊರಗೆ ಸೋರುವ ಬದಲು ಗಾಳಿ ಒಳಗೆ ಸೇರುತ್ತದೆ. ಹೊರಗೆ ಹನಿ ಕಾಣದಿರುವುದಕ್ಕೆ ಇದೇ ಕಾರಣವಾಗಿರಬಹುದು. ರಾತ್ರಿಯಿಡೀ ಅದೇ ಸಂದಿಯಿಂದ ಗಾಳಿ ಸೇರಿ, ಪೈಪಿನಲ್ಲಿರುವ ಡೀಸೆಲ್ ಟ್ಯಾಂಕಿಗೆ ಹಿಂದಿರುಗಿರುತ್ತದೆ.

ನಾಳೆ ಬೆಳಿಗ್ಗೆ ಸೆಲ್ಫ್ ಹೊಡೆಯುವ ಮೊದಲು ಫೀಡ್ ಪಂಪಿನಲ್ಲಿರುವ, ಕೈಯಿಂದ ಡೀಸೆಲ್ ತುಂಬಿಸುವ ಹ್ಯಾಂಡ್ ಪ್ರೈಮರನ್ನು, ಕೈಗೆ ಬಿಗಿ ಸಿಗುವವರೆಗೆ ಒತ್ತಿರಿ. ಆಮೇಲೆ ಗಾಡಿ ತಕ್ಷಣ ಸ್ಟಾರ್ಟ್ ಆದರೆ ದೋಷವಿರುವುದು ಹೀರುವ ಪೈಪಿನಲ್ಲಿ ಅಥವಾ ಫೀಡ್ ಪಂಪಿನ ವಾಲ್ವ್‌ನಲ್ಲಿ. ಇವೆರಡನ್ನು ಬೇರ್ಪಡಿಸಲು ಮರುದಿನ ಇನ್ನೊಂದು ಪರೀಕ್ಷೆ ಮಾಡಿ: ಗಾಡಿಯ ಟ್ಯಾಂಕಿನ ಪೈಪನ್ನು ಕಳಚಿ, ಶುಚಿಯಾದ ಡೀಸೆಲ್ ತುಂಬಿದ ಕ್ಯಾನಿನಿಂದ ಹೊಸ ಹೋಸ್ ಮೂಲಕ ನೇರವಾಗಿ ಫೀಡ್ ಪಂಪಿಗೆ ಕೊಟ್ಟು, ಒಳಗೆ ಸೇರಿದ ಗಾಳಿಯನ್ನು (ಏರ್) ಹೊರತೆಗೆದು, ಗಾಡಿಯನ್ನು ಹಾಗೆಯೇ ರಾತ್ರಿ ನಿಲ್ಲಿಸಿ. ಕ್ಯಾನ್ ಫೀಡ್ ಪಂಪಿಗಿಂತ ಕೆಳಗಿರಬೇಕು. ಮೇಲಿಟ್ಟರೆ ಡೀಸೆಲ್ ತಾನಾಗಿಯೇ ಇಳಿದು ವಾಲ್ವ್‌ನ ದೋಷವನ್ನು ಮುಚ್ಚಿಬಿಡುತ್ತದೆ. ಬೆಳಿಗ್ಗೆ ಸುಲಭವಾಗಿ ಸ್ಟಾರ್ಟ್ ಆದರೆ ದೋಷ ಕಳಚಿಟ್ಟ ಪೈಪಿನಲ್ಲಿದೆ.

ಏರು ಹತ್ತುವಾಗಿನ ತೊಂದರೆಗೆ ಫಿಲ್ಟರ್ ಮತ್ತು ಪಂಪಿನ ನಡುವೆ ಒಂದು ಸಣ್ಣ ಪ್ರೆಶರ್ ಗೇಜ್ ಕೂರಿಸಿರಿ. ಇಂತಹ ಪಂಪ್‌ಗಳ ಒಳಗಾಲುವೆಯಲ್ಲಿ ಸಾಮಾನ್ಯವಾಗಿ 1ರಿಂದ 1.5 ಬಾರ್ ಒತ್ತಡವಿರುತ್ತದೆ. ಭಾರ ಎಳೆಯುವಾಗ ಮುಳ್ಳು ಬಿದ್ದುಹೋದರೆ ಪಂಪಿಗೇ ಡೀಸೆಲ್ ತಲುಪುತ್ತಿಲ್ಲವೆಂದು ಅರ್ಥ. ಹೆಚ್ಚಾದ ಡೀಸೆಲನ್ನು ಹಿಂದಕ್ಕೆ ಬಿಡುವ ಓವರ್‌ಫ್ಲೋ ವಾಲ್ವ್‌ನ ಸ್ಪ್ರಿಂಗ್ ಸೋತಿದ್ದರೂ ಒತ್ತಡ ಕಡಿಮೆಯಾಗುವುದರಿಂದ ಅದನ್ನೂ ನೋಡಿರಿ.

1951ರಲ್ಲಿ ಆರಂಭವಾದ ಬೆಂಗಳೂರಿನ ಮೈಕೊ ಕಂಪನಿ 2008ರಲ್ಲಿ ಬಾಷ್ ಎಂಬ ಹೆಸರು ಪಡೆದರೂ ನಮ್ಮವರ ಬಾಯಲ್ಲಿ ಇಂತಹ ಇನ್‌ಲೈನ್ ಪಂಪ್ ಇಂದಿಗೂ ಮೈಕೊ ಪಂಪೇ. ಅದರ ಪ್ಲಂಜರ್ ಮತ್ತು ಬ್ಯಾರಲ್ ನಡುವಿನ ಸಂದು ಕೆಲವೇ ಮೈಕ್ರಾನ್‌ಗಳಷ್ಟು (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಜೋಡಿಯಾಗಿಯೇ ತಿಕ್ಕಿ ಹೊಂದಿಸಿದ ಅಂತಹ ಭಾಗಗಳನ್ನು ಅನುಮಾನದ ಮೇಲೆ ಬಿಚ್ಚುವುದು ನನ್ನ ದೃಷ್ಟಿಯಲ್ಲಿ ತಪ್ಪು.

ಉತ್ತರ: ದಾವಣಗೆರೆಯ ಚಾಲಕ

ಮೇಲಿನ ಹಿರಿಯರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಎರಡು ನಿಮಿಷ ನಿಲ್ಲಿಸಿದರೆ ಸರಿಹೋಗುತ್ತದೆ ಎಂಬುದನ್ನು ಗಮನಿಸಬೇಕು. ಟ್ಯಾಂಕಿನ ಮುಚ್ಚಳದಲ್ಲಿರುವ ಗಾಳಿಯ ತೂತು ಮಣ್ಣಿನಿಂದ ಮುಚ್ಚಿದ್ದರೆ, ಡೀಸೆಲ್ ಖಾಲಿಯಾದಂತೆ ಒಳಗೆ ನಿರ್ವಾತ ಉಂಟಾಗಿ ಫೀಡ್ ಪಂಪ್ ಎಳೆಯಲಾರದು. ಗಾಡಿ ಸೊರಗಿದ ಕೂಡಲೇ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಮುಚ್ಚಳ ಸಡಿಲಿಸಿ. ಗಾಳಿ ಒಳನುಗ್ಗುವ ಸದ್ದು ಕೇಳಿದರೆ ಕಾರಣ ಸಿಕ್ಕಂತೆ. ಫೀಡ್ ಪಂಪಿನ ಬಾಯಲ್ಲಿರುವ ಜಾಲರಿಯನ್ನೂ ಬಿಚ್ಚಿ ತೊಳೆಯಿರಿ. ದೊಡ್ಡ ಫಿಲ್ಟರ್ ಬದಲಿಸುವ ಅನೇಕರು ಅದನ್ನು ಮುಟ್ಟುವುದೇ ಇಲ್ಲ.

ಮತ್ತೆ ಪ್ರಶ್ನೆ ಕೇಳಿದವರು

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಪ್ರೈಮರ್ ಒತ್ತಿದ ದಿನ ಗಾಡಿ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯಿತು. ಕ್ಯಾನ್ ಕೊಟ್ಟು ನಿಲ್ಲಿಸಿದ ಮರುದಿನ ಪ್ರೈಮರ್ ಒತ್ತದೆಯೂ ಸ್ಟಾರ್ಟ್ ಆಯಿತು. ಟ್ಯಾಂಕಿನ ಮುಚ್ಚಳ, ಜಾಲರಿ ಎರಡೂ ಸರಿಯಾಗಿದ್ದವು. ಗೇಜ್ ಮಾತ್ರ ಐಡ್ಲಿಂಗಿನಲ್ಲಿ 1.2 ಬಾರ್ ತೋರಿಸಿ, ಏರು ಹತ್ತುವಾಗ ಅರ್ಧ ಬಾರ್‌ಗಿಂತ ಕೆಳಗಿಳಿಯಿತು. ಕೊನೆಗೆ ಟ್ಯಾಂಕಿನಿಂದ ಬರುವ ರಬ್ಬರ್ ಹೋಸನ್ನು ಉದ್ದಕ್ಕೆ ಸೀಳಿ ನೋಡಿದೆವು. ಹೊರಗೆ ಹೊಸದರಂತೆ ಕಾಣುತ್ತಿದ್ದ ಅದರ ಒಳಪದರ ಕಿತ್ತು ನಾಲಿಗೆಯಂತೆ ಜೋತುಬಿದ್ದಿತ್ತು; ಹೀರುವಿಕೆ ಹೆಚ್ಚಾದಾಗ ಅದೇ ದಾರಿ ಮುಚ್ಚುತ್ತಿತ್ತು, ನಿಲ್ಲಿಸಿದಾಗ ತೆರೆದುಕೊಳ್ಳುತ್ತಿತ್ತು. ಕ್ಲಿಪ್ಪಿನ ಬಳಿ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರಿಂದ ಏರ್ ಸೇರುತ್ತಿತ್ತು. ಹೋಸ್ ಬದಲಿಸಿದ ಮೇಲೆ ಶಿರಾಡಿಯನ್ನು ಎಲ್ಲಿಯೂ ನಿಲ್ಲಿಸದೆ ಹತ್ತಿದ್ದೇವೆ. ಈಗ ಉಳಿದಿರುವುದು ಐಡ್ಲಿಂಗಿನಲ್ಲಿ ಸಣ್ಣ ನಡುಕ. ಅದಕ್ಕೇನು ಮಾಡಬೇಕು?

ಉತ್ತರ: ಡೀಸೆಲ್ ಪಂಪ್ ಕೆಲಸದಿಂದ ನಿವೃತ್ತನಾದವನು

ಬಹಳ ಸಂತೋಷವಾಯಿತು. ನಡುಕಕ್ಕೆ, ಐಡ್ಲಿಂಗಿನಲ್ಲಿ ಒಂದೊಂದೇ ನಾಜಲಿನ ಪೈಪ್ ನಟ್ಟನ್ನು ಬಟ್ಟೆ ಸುತ್ತಿ ಸ್ವಲ್ಪ ಸಡಿಲಿಸಿ, ಮತ್ತೆ ಬಿಗಿಯಿರಿ. ಯಾವುದನ್ನು ಸಡಿಲಿಸಿದಾಗ ಎಂಜಿನ್ನಿನ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ದುಡಿಯುತ್ತಿಲ್ಲ. ಅದರ ನಾಜಲನ್ನು ಪಕ್ಕದ ಸಿಲಿಂಡರಿಗೆ ಹಾಕಿ, ಪ್ರತಿ ಸಲವೂ ಹೊಸ ತಾಮ್ರದ ವಾಷರ್ ಬಳಸಿ. ದೋಷವೂ ಜೊತೆಗೆ ಹೋದರೆ ನಾಜಲ್ ಕೆಟ್ಟಿದೆ. ಮೊದಲಿನ ಸಿಲಿಂಡರಿನಲ್ಲೇ ಉಳಿದರೆ ಪಂಪಿನಲ್ಲಿ ಆ ಸಿಲಿಂಡರಿನ ಪೈಪಿಗೆ ಡೀಸೆಲ್ ಬಿಡುವ ಡೆಲಿವರಿ ವಾಲ್ವ್, ಎಲಿಮೆಂಟ್ ಅಥವಾ ಸಿಲಿಂಡರಿನ ಕಂಪ್ರೆಶನ್ (ಗಾಳಿಯ ಒತ್ತಡ) ನೋಡಬೇಕು.

ಒಂದು ವಿನಂತಿ. ಆ ಪೈಪುಗಳಲ್ಲಿ ನೂರಾರು ಬಾರ್ ಒತ್ತಡವಿರುತ್ತದೆ. ಚಿಮ್ಮುವ ಎಳೆಯನ್ನು ಎಂದಿಗೂ ಕೈಯಿಂದ ಮುಟ್ಟಿ ನೋಡಬೇಡಿ, ರಟ್ಟಿನ ತುಂಡನ್ನು ಹಿಡಿದು ನೋಡಿ, ಕಣ್ಣಿಗೆ ಕನ್ನಡಕವಿರಲಿ. ಡೀಸೆಲ್ ಚರ್ಮದೊಳಗೆ ಹೊಕ್ಕರೆ ಗಾಯ ಸೂಜಿಮೊನೆಯಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಯಾವ ಸಿಲಿಂಡರ್ ಎಂಬುದು ತಿಳಿದ ಮೇಲೆ ಇಲ್ಲಿಯೇ ಬರೆಯಿರಿ, ಮುಂದಿನದನ್ನು ನೋಡೋಣ.