ಸಹಾಯ ಬೇಕು: ಜೀಪಿನ ಏರ್ ಕಂಪ್ರೆಸರ್ ಎರಡನೇ ಸಲ ಎತ್ತುತ್ತಿಲ್ಲ, ಫ್ಯೂಸ್ ಹೋಗ್ತಿದೆ

ಜೀಪು ತೀರ್ಥಹಳ್ಳಿ ಕಡೆ ಓಡೋದು. ಬಾನೆಟ್ ಒಳಗೆ ಬಿಸಿ ಜಾಸ್ತಿ ಅಂತ ಟೈರಿಗೆ ಗಾಳಿ ತುಂಬೋ 12 ವೋಲ್ಟ್ ಕಂಪ್ರೆಸರನ್ನ ಸೀಟಿನಡಿ ರಬ್ಬರ್ ಬುಷ್ ಮೇಲೆ ಕೂರಿಸಿದೆ. ಬ್ಯಾಟರಿ ಪಕ್ಕದಲ್ಲೇ 40 ಆಂಪ್ ಫ್ಯೂಸ್, ಆಮೇಲೆ ರಿಲೇ, 6 ಚದರ ಮಿ.ಮೀ. ತಾಮ್ರದ ವೈರ್. ಗಾಳಿ ಟ್ಯಾಂಕ್ 4 ಲೀಟರ್. ಪ್ರೆಶರ್ ಸ್ವಿಚ್ 90 ಪಿಎಸ್‌ಐಗೆ ಆನ್, 120ಕ್ಕೆ ಆಫ್.

ಖಾಲಿ ಟ್ಯಾಂಕು ಸಲೀಸಾಗಿ ತುಂಬುತ್ತೆ. ಟೈರಿಗೆ ಗಾಳಿ ಹಿಡಿದು ಒತ್ತಡ 90ಕ್ಕೆ ಇಳಿದಾಗ ಮಾತ್ರ ಮೋಟಾರ್ 'ಗುಂಯ್' ಅಂದು ನಿಲ್ಲುತ್ತೆ, ಫ್ಯೂಸ್ ಢಮಾರ್. ಆಗ ಬ್ಯಾಟರಿಯಲ್ಲಿ 12.4, ಕಂಪ್ರೆಸರ್ ತುದಿಯಲ್ಲಿ 10.1 ವೋಲ್ಟ್. ಅರ್ತ್ ಕೊಟ್ಟಿರೋದು ಚಾಸಿಗೆ. ನಮ್ಮ ಮಳೆಗೆ ಆ ಬೋಲ್ಟು ತುಕ್ಕು ಹಿಡಿದಿದೆ, ಅರ್ತ್ ವೈರನ್ನ ನೇರ ಬ್ಯಾಟರಿಗೇ ಎಳೀತೀನಿ.

ಆದ್ರೆ ಅದೊಂದೇ ಕಾರಣ ಅನ್ನಿಸ್ತಿಲ್ಲ. ಕಂಪ್ರೆಸರ್ ಕಡೆ ಹೋಸ್ ನಟ್ ಸಡಿಲಿಸಿದರೆ 'ಪುಸ್' ಅಂತ ಒಂದು ಗುಟುಕು ಗಾಳಿ ಹೋಗಿ ನಿಲ್ಲುತ್ತೆ, ಆಮೇಲೆ ಮೋಟಾರ್ ತಕರಾರಿಲ್ಲದೆ ತಿರುಗುತ್ತೆ. ಅಂದ್ರೆ ಟ್ಯಾಂಕಿನ ಚೆಕ್ ವಾಲ್ವ್ (ಗಾಳಿ ವಾಪಸ್ ಬರದಂತೆ ತಡೆಯೋದು) ಸರಿ ಇದೆ, ಹೋಸಲ್ಲಿ ಸಿಕ್ಕಿಕೊಂಡ ಗಾಳಿಯೇ ಪಿಸ್ಟನ್ನಿಗೆ ಅಡ್ಡ.

ಅನ್‌ಲೋಡರ್ (ಮೋಟಾರ್ ನಿಂತಾಗ ಹೋಸಿನ ಗಾಳಿ ಹೊರಬಿಡೋ ವಾಲ್ವ್) ಇರೋ ಪ್ರೆಶರ್ ಸ್ವಿಚ್ ಹಾಕ್ಲಾ, ಅದೇ ಕೆಲಸಕ್ಕೆ ಬೇರೆ ಸೊಲೆನಾಯ್ಡ್ ವಾಲ್ವ್ (ಕರೆಂಟಿನಲ್ಲಿ ತೆರೆದು ಮುಚ್ಚೋದು) ಸಾಕಾ? ಗುಡ್ಡದ ಕೆಸರಲ್ಲಿ ಯಾವುದು ಬಾಳಿಕೆ ಬರುತ್ತೆ? ಟ್ಯಾಂಕಿನ ಮರೆ (ಥ್ರೆಡ್) ಕಾಲಿಂಚು ಬಿಎಸ್‌ಪಿ, ಅಂದ್ರೆ ಬ್ರಿಟಿಷ್ ಅಳತೆಯದ್ದು. ಅಮೆರಿಕನ್ ಅಳತೆಯ ಎನ್‌ಪಿಟಿ ಫಿಟ್ಟಿಂಗ್ ಎರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತೆ, ಟೆಫ್ಲಾನ್ ಸುತ್ತಿದ್ರೂ ಸೋರುತ್ತೆ. ಬಿಎಸ್‌ಪಿಯದ್ದು ಶಿವಮೊಗ್ಗದಲ್ಲಿ ಎಲ್ಲಿ ಸಿಗುತ್ತೆ ಹೇಳಿ. 60 ಆಂಪ್ ಫ್ಯೂಸ್ ಹಾಕು ಅನ್ನೋ ಸಲಹೆ ದಯವಿಟ್ಟು ಬೇಡ, ಸುಡೋದು ವೈರು.