ಚಿಕ್ಕ ಪಿಸ್ತೂಲಿಗೆ ಲೇಸರ್ ಬೇಕೇ?

ಪ್ರಶ್ನೆ (ಕುವೆಂಪುನಗರ, ಮೈಸೂರು):
ನನ್ನ ತಮ್ಮ ಟೆಕ್ಸಾಸಿನಲ್ಲಿದ್ದಾನೆ, ಈಗ ಅಲ್ಲಿಯ ಪ್ರಜೆ. ರಾತ್ರಿ ಪಾಳಿ ಮುಗಿಸಿ ಒಬ್ಬನೇ ಮನೆಗೆ ಹೋಗುವವನು. ಅಂಗಿಯ ಮರೆಯಲ್ಲಿ ಒಯ್ಯಲು ಅಂಗೈಯಗಲದ ಪಿಸ್ತೂಲು ಕೊಂಡಿದ್ದಾನೆ. ಅದಕ್ಕೆ ಗುರಿಯ ಮೇಲೆ ಬೆಳಕಿನ ಚುಕ್ಕೆ ಬೀಳಿಸುವ ಲೇಸರ್ ಹಾಕಿಸಿದರೆ ಉಪಯೋಗವೇ? ನನಗೆ ಅವನದೇ ಚಿಂತೆ.

ಉತ್ತರ (ಮಂಡ್ಯ, ನಿವೃತ್ತ ಸೈನಿಕ):
ಉಪಯೋಗವಿದೆ, ಆದರೆ ಅದನ್ನೇ ನೆಚ್ಚಬಾರದು. ಚಿಕ್ಕ ಪಿಸ್ತೂಲಿನಲ್ಲಿ ಹಿಂದಿನ ಮತ್ತು ಮುಂದಿನ ಗುರಿಕಂಡಿಗಳ (ಗುರಿ ಹಿಡಿಯಲು ನೋಡುವ ಗುರುತುಗಳ) ನಡುವಿನ ಅಂತರ ತೀರ ಕಡಿಮೆ. ಕೂದಲೆಳೆಯಷ್ಟು ಓರೆಯಾದರೂ ಗುಂಡು ಬೇರೆ ಕಡೆ ಹೋಗುತ್ತದೆ. ಕತ್ತಲಲ್ಲಿ ಆ ಕಂಡಿಗಳು ಕಾಣುವುದೂ ಇಲ್ಲ. ಅಲ್ಲಿ ಲೇಸರ್ ಚುಕ್ಕೆ ನೆರವಾಗುತ್ತದೆ. ಮಧ್ಯಾಹ್ನ, ನಮ್ಮ ಕಬ್ಬಿನ ಗದ್ದೆಯ ಬಿಸಿಲಿನಂಥ ಬಿಸಿಲಿನಲ್ಲಿ, ಕೆಂಪು ಚುಕ್ಕೆ ಮಾಯ. ಹಸಿರು ಸ್ವಲ್ಪ ಮೇಲು. ಇನ್ನೊಂದು: ಲೇಸರ್ ನಳಿಕೆಯ ಕೆಳಗೋ ಪಕ್ಕದಲ್ಲೋ ಇರುವುದರಿಂದ ಚುಕ್ಕೆಯೂ ಗುಂಡೂ ಹೊಂದಿಸಿದ ದೂರದಲ್ಲಿ ಮಾತ್ರ ಸರಿಯಾಗಿ ಕೂಡುತ್ತವೆ. ನಾನು ಮೆಚ್ಚುವುದು ಅದರ ಇನ್ನೊಂದು ಗುಣವನ್ನು: ಅಭ್ಯಾಸಕ್ಕೆ ಅದು ನೆರವು. ಖಾಲಿ ಪಿಸ್ತೂಲನ್ನು ಎರಡೆರಡು ಬಾರಿ ಪರೀಕ್ಷಿಸಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ಸುರಕ್ಷಿತ ದಿಕ್ಕಿಗೆ ಹಿಡಿದು ಕುದುರೆ (ಟ್ರಿಗರ್) ಒತ್ತಲಿ. ಚುಕ್ಕೆ ನಡುಗಿದರೆ ಅವನ ಬೆರಳಿನ ತಪ್ಪು ಕಣ್ಣೆದುರೇ ಕಾಣುತ್ತದೆ.

ಉತ್ತರ (ಶ್ರೀರಂಗಪಟ್ಟಣ):
ಚಾಳೀಸು ಬಂದವರಿಗೆ ಮುಂದಿನ ಕಂಡಿ ಮಸುಕು. ಗುರಿಯನ್ನೇ ನೋಡಿದರೆ ಸಾಕೆನ್ನುವುದು ಅಂಥವರಿಗೆ ದೊಡ್ಡ ಅನುಕೂಲ. ಬ್ಯಾಟರಿ ಮಾತ್ರ ಕಾಲಕಾಲಕ್ಕೆ ಬದಲಿಸಬೇಕು.

ಮಂಡ್ಯದವರು ಮತ್ತೆ:
ನಿಜ. ಆದರೆ ಚುಕ್ಕೆಯನ್ನು ಹುಡುಕುತ್ತಾ ನಿಂತರೆ ಆ ಒಂದು ಕ್ಷಣವೇ ಹೋಯಿತು. ಮೊದಲು ಕಂಡಿಗಳಿಂದಲೇ ಕಲಿಯಲಿ, ಲೇಸರನ್ನು ಆಮೇಲೆ ಕೊಳ್ಳಲಿ.

ಪ್ರಶ್ನೆ ಕೇಳಿದವರು:
ಇಂದು ರಾತ್ರಿಯೇ ಅವನಿಗೆ ಓದಿ ಹೇಳುತ್ತೇನೆ.